ಬೈತಲೆಯ ಬಿಳಿ ಗೆರೆ ಮತ್ತು ನನ್ನ ಎಂಟು ತಿಂಗಳು

ಮೂರು ವಾರ. ನನ್ನ ಗಡುವು ಅಷ್ಟೇ. ಕಪ್ಪು ಬಣ್ಣ ಹಚ್ಚಿ ಇಪ್ಪತ್ತೊಂದು ದಿನವಾಯಿತೋ ಇಲ್ಲವೋ, ಬೈತಲೆಯುದ್ದಕ್ಕೂ ಸೀಮೆಸುಣ್ಣದಲ್ಲಿ ಎಳೆದ ಹಾಗೆ ಬಿಳಿ ಗೆರೆ ಏಳುತ್ತಿತ್ತು. ಎದುರಿಗೆ ಕೂತವರ ಕಣ್ಣು ನನ್ನ ಹಣೆಯಿಂದ ಒಂದಿಂಚು ಮೇಲೆ ಹೋದರೆ ಸಾಕು, ಕೈ ತಾನಾಗಿಯೇ ತಲೆಗೆ ಹೋಗುತ್ತಿತ್ತು. ಕೊನೆಗೊಂದು ದಿನ ಅನ್ನಿಸಿತು: ಕೂದಲನ್ನೇ ಒಂದಿಷ್ಟು ತಿಳಿ ಮಾಡಿಸಿದರೆ ಬಿಳಿಯದು ಅದರೊಳಗೆ ಕರಗಿಹೋಗುತ್ತದಲ್ಲ? ನನಗೆ ಹೊಂಬಣ್ಣದ ತಲೆಯೇನೂ ಬೇಕಿರಲಿಲ್ಲ. ಆ ಗೆರೆ ಹೋದರೆ ಸಾಕಿತ್ತು.

ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಎಂಟು ತಿಂಗಳಾಯಿತು. ಕಳೆದ ವಾರ ಮುಗಿಯಿತು ಅನ್ನಬಹುದು. ನೆನಪು ಹಸಿಯಿರುವಾಗಲೇ ಬರೆದಿಡುತ್ತಿದ್ದೇನೆ, ಇದೇ ದಾರಿಯಲ್ಲಿ ಹೊರಟವರು ನನ್ನಷ್ಟು ತಡಕಾಡಬಾರದು ಎಂದು.

ಮೊದಲ ತೊಡಕು ಹೆಸರುಗಳದ್ದು. ಹೈಲೈಟ್ಸ್, ಬೇಬಿಲೈಟ್ಸ್, ಬಾಲಯಾಜ್, ಓಂಬ್ರೆ, ಫಾಯಿಲಯಾಜ್, ಗ್ಲೋಬಲ್. ಫೋಟೋ ನೋಡಿದರೆ ಎಲ್ಲವೂ ಒಂದೇ ಥರ, ಎಲ್ಲವೂ ಚಂದ. ನಾನು ಹದಿನೇಳು ಫೋಟೋ ಉಳಿಸಿಟ್ಟುಕೊಂಡಿದ್ದೆ. ಆಮೇಲೆ ತಿಳಿದದ್ದೇನೆಂದರೆ, ಇವು ಯಾವುವೂ ಬಣ್ಣದ ಹೆಸರಲ್ಲ. ಬ್ಲೀಚನ್ನು ಎಲ್ಲಿ, ಎಷ್ಟು ದಪ್ಪದ ಎಳೆಗೆ, ಮುಚ್ಚಿಯೋ ತೆರೆದೋ ಹಚ್ಚುತ್ತಾರೆ ಅನ್ನುವುದರ ಹೆಸರುಗಳು. ಬಟ್ಟಲಲ್ಲಿ ಇರುವ ಪೇಸ್ಟು ಬಹುಪಾಲು ಅದೇ: ಪರ್ಸಲ್ಫೇಟ್ ಇರುವ ಬ್ಲೀಚ್ ಪುಡಿ, ಅದನ್ನು ಕಲಸಲು ಹೈಡ್ರೋಜನ್ ಪೆರಾಕ್ಸೈಡಿನ ಡೆವಲಪರ್. ಡೆವಲಪರ್ ಬಾಟಲಿಯ ಮೇಲೆ 20 ವಾಲ್ಯೂಮ್ ಅಂತಿದ್ದರೆ ಶೇಕಡಾ 6 ಪೆರಾಕ್ಸೈಡ್, 30 ಅಂದರೆ 9, 40 ಅಂದರೆ 12. ಈ ಮಿಶ್ರಣ ಕೂದಲಿನ ಹೊರಪದರವನ್ನು ಉಬ್ಬಿಸಿ ಒಳಗೆ ಹೋಗಿ ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಅನ್ನು ಒಡೆಯುತ್ತದೆ. ಹೋದ ಮೆಲನಿನ್ ಆ ಎಳೆಗೆ ಮತ್ತೆ ಬರುವುದಿಲ್ಲ, ಬುಡದಿಂದ ಹೊಸ ಕೂದಲು ಬೆಳೆಯುವವರೆಗೆ ಅಷ್ಟೇ.

ಮೊದಲು ಹೋದ ಸಲೂನಿನಲ್ಲಿ ಹತ್ತು ನಿಮಿಷದಲ್ಲಿ ಮಾತು ಮುಗಿದಿತ್ತು. ಫೋಟೋ ತೋರಿಸಿದೆ. ಆತ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು, "ಆಗುತ್ತೆ ಮೇಡಂ, ಒಂದೇ ಸಿಟಿಂಗ್, ಮೂರು ಗಂಟೆ" ಅಂದ. ಹಿಂದೆ ಏನು ಹಚ್ಚಿದ್ದಿರಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಂಗಡ ಕೊಟ್ಟು ಬಂದೆ, ಆ ದುಡ್ಡು ವಾಪಸ್ ಬರಲಿಲ್ಲ. ಏಕೆಂದರೆ ಆ ವಾರವೇ ಅಕ್ಕನ ಒತ್ತಾಯಕ್ಕೆ ಇನ್ನೊಂದು ಕಡೆ ವಿಚಾರಿಸಲು ಹೋಗಿ, ಅಲ್ಲಿ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ಎರಡನೆಯ ಕಡೆ ಮೊದಲು ಕೈಗೆ ಬಂದದ್ದು ಎರಡು ಪುಟದ ಫಾರ್ಮು. ಅಲರ್ಜಿ, ಅಸ್ತಮಾ, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ನೆತ್ತಿಯ ಚರ್ಮದ ತೊಂದರೆ, ಸ್ಟ್ರೇಟನಿಂಗ್ ಮಾಡಿಸಿದ್ದೀರಾ, ಕಳೆದ ನಾಲ್ಕು ವರ್ಷದಲ್ಲಿ ತಲೆಗೆ ಹಚ್ಚಿದ್ದೆಲ್ಲದರ ಪಟ್ಟಿ. ನಾಲ್ಕು ವರ್ಷ ಯಾಕೆ ಅಂತ ನಗು ಬಂತು. ಫಾರ್ಮು ಕೊಟ್ಟ ಸಲೂನಿನ ಹುಡುಗಿ ನನ್ನ ಕೂದಲಿನ ತುದಿ ಹಿಡಿದು ಕೇಳಿದಳು, "ಮೇಡಂ, ಇದು ಯಾವಾಗ ಹುಟ್ಟಿದ್ದು ಹೇಳಿ ನೋಡೋಣ?" ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ನನ್ನದು ನಲವತ್ತೈದು ಸೆಂಟಿಮೀಟರ್. ಅಂದರೆ ಆ ತುದಿಗೆ ಮೂರು ವರ್ಷದ ಮೇಲಾಗಿತ್ತು. ಮೂರು ವರ್ಷದಲ್ಲಿ ನಾನು ಮಾಡಿದ್ದೆಲ್ಲ ಅದಕ್ಕೆ ಗೊತ್ತು.

"ಬರೀ ಕಪ್ಪು ಡೈ" ಅಂತ ಬರೆದೆ. ಅವಳು ಕಿಟಕಿಯ ಬೆಳಕಿಗೆ ತಿರುಗಿಸಿ ತುದಿಯನ್ನು ನೋಡಿದಳು. "ಇಲ್ಲಿ ಕೆಂಪು ಹೊಡೀತಿದೆ. ನಿಜ ಹೇಳಿ ಮೇಡಂ, ಮೆಹಂದಿ ಹಚ್ತಿದ್ರಾ?" ಆಗ ನೆನಪಾಯಿತು. ಡೈ ಶುರು ಮಾಡುವ ಮೊದಲು ಒಂದೈದಾರು ತಿಂಗಳು "ಕಪ್ಪು ಮೆಹಂದಿ" ಎಂದು ಬರೆದಿದ್ದ ಪೊಟ್ಟಣ ತಂದು ಹಚ್ಚುತ್ತಿದ್ದೆ. ಗಿಡದ್ದು, ಅದರಲ್ಲೇನಿದೆ ಹೇಳುವುದಕ್ಕೆ ಅನ್ನುವ ಧೋರಣೆ ನನ್ನದು. ಶುದ್ಧ ಮೆಹಂದಿ ಕೊಡುವುದು ಕೇಸರಿ ಕೆಂಪನ್ನು ಮಾತ್ರ. ಕಪ್ಪು ಬರಬೇಕಾದರೆ ಒಂದೋ ನೀಲಿಸೊಪ್ಪಿನ ಪುಡಿ ಬೆರೆತಿರಬೇಕು, ಇಲ್ಲವೋ ರಾಸಾಯನಿಕ ಡೈ ಅಥವಾ ಲೋಹದ ಲವಣ. ಲೋಹದ ಲವಣವಿರುವ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯೇರಿ ಸುಟ್ಟು ತುಂಡಾಗಬಹುದು. ಮೊದಲ ಸಲೂನಿನ ಮೂರು ಗಂಟೆಯ ಭರವಸೆ ನೆನೆದು ಬೆನ್ನಲ್ಲಿ ತಣ್ಣಗಾಯಿತು.

ಅದಕ್ಕೇ ಸ್ಟ್ರ್ಯಾಂಡ್ ಟೆಸ್ಟ್. ಕಿವಿಯ ಹಿಂದಿನಿಂದ, ಮೇಲಿನ ಕೂದಲು ಮುಚ್ಚುವ ಜಾಗದಿಂದ, ದಾರದಷ್ಟು ಒಂದು ಎಳೆ ಕತ್ತರಿಸಿ ಬುಡದ ಕಡೆ ಟೇಪು ಸುತ್ತಿದಳು. ಮೊದಲು ಗಾಜಿನ ಬಟ್ಟಲಲ್ಲಿ 20 ವಾಲ್ಯೂಮ್ ಪೆರಾಕ್ಸೈಡಿಗೆ ಕೆಲವು ಹನಿ ಅಮೋನಿಯಾ ಹಾಕಿ ತುದಿಯನ್ನು ಅರ್ಧ ಗಂಟೆ ಮುಳುಗಿಸಿದಳು. ಬಿಸಿಯಾದರೆ, ನೊರೆ ಎದ್ದರೆ, ಬಣ್ಣ ಥಟ್ಟನೆ ಬದಲಾದರೆ ಲೋಹವಿದೆ ಅಂತ ಲೆಕ್ಕ. ನಾನು ಬಟ್ಟಲಿಗೆ ಬೆರಳು ತಾಗಿಸಿ ತಾಗಿಸಿ ನೋಡಿದೆ. ಬಿಸಿಯಾಗಲಿಲ್ಲ. ಪರೀಕ್ಷೆಯ ಫಲಿತಾಂಶ ಬಂದಷ್ಟು ಸಮಾಧಾನ!

ಆಮೇಲೆ ಇನ್ನೊಂದು ಎಳೆಗೆ ಬ್ಲೀಚ್. ನಲವತ್ತು ನಿಮಿಷ ಕಳೆದು ತೊಳೆದು ಬಿಳಿ ಟವೆಲ್ ಮೇಲೆ ಚಾಚಿ ಇಟ್ಟಳು. ಒಂದೇ ಎಳೆಯಲ್ಲಿ ಮೂರು ಪಟ್ಟೆ! ಬುಡದ ಒಂದು ಸೆಂಟಿಮೀಟರ್ ಹಳದಿಗೆ ತಿರುಗಿತ್ತು. ನಡುವಿನದು ಗಾಢ ಕಿತ್ತಳೆ. ತುದಿ ಇಟ್ಟಿಗೆ ಕೆಂಪು, ಅಲ್ಲಿಂದ ಒಂಚೂರೂ ಕದಲಿರಲಿಲ್ಲ. ಒದ್ದೆ ತುದಿಯನ್ನು ಹಿಡಿದೆಳೆದಾಗ ರಬ್ಬರಿನಂತೆ ಹಿಗ್ಗಿತು, ವಾಪಸ್ ಬರಲಿಲ್ಲ, ಪಟ್ ಎಂದಿತು. ಆ ಎಳೆಯನ್ನು ಕಾಗದಕ್ಕೆ ಅಂಟಿಸಿ ನನ್ನ ಫಾರ್ಮಿಗೆ ಪಿನ್ ಮಾಡಿದಳು. ಯಾರಾದರೂ ಈ ಪರೀಕ್ಷೆ ಮಾಡದೆ ನೇರ ತಲೆಗೆ ಕೈ ಹಾಕುತ್ತೇವೆ ಅಂದರೆ ಎದ್ದು ಬನ್ನಿ. ನಾನು ಕೊಡುವ ಸಲಹೆಗಳಲ್ಲಿ ಇದೊಂದನ್ನಾದರೂ ಕೇಳಿ.

ಯಾವ ವಿಧಾನ ಅನ್ನುವ ಪ್ರಶ್ನೆಗೆ ಉತ್ತರವೂ ಆ ಮೂರು ಪಟ್ಟೆಯಲ್ಲೇ ಇತ್ತು.

ಇಡೀ ತಲೆಗೆ ಬ್ಲೀಚ್ ಮಾಡುವ ಗ್ಲೋಬಲ್ ನನ್ನ ಮೊದಲ ಆಸೆ. ಗೆರೆಯ ಸಮಸ್ಯೆಗೆ ಅದೇ ಸರಿ ಅಂದುಕೊಂಡಿದ್ದೆ. ಆದರೆ ಬುಡದಲ್ಲಿ ಹುಟ್ಟುವ ಕಪ್ಪು ಕೂದಲು ತಿಳಿ ತಲೆಯ ಮೇಲೆ ಗೆರೆ ಹಾಕದೆ ಬಿಡುತ್ತದೆಯೇ? ಬಿಳಿ ಗೆರೆ ಹೋಗಿ ಕಪ್ಪು ಗೆರೆ ಬರುತ್ತದೆ, ತಿಂಗಳಿಗೊಮ್ಮೆ ಬುಡಕ್ಕೆ ಬ್ಲೀಚ್. ಸಾಲದ್ದಕ್ಕೆ ನೆತ್ತಿಯ ಶಾಖಕ್ಕೆ ಬುಡ ಬೇಗ ತಿಳಿಯಾಗುತ್ತದೆ. ಅದಕ್ಕೇ ಮೊದಲ ಸಲ ಮಾಡುವವರು ಬುಡ ಬಿಟ್ಟು ಉದ್ದಕ್ಕೆ ಹಚ್ಚಿ, ಬುಡಕ್ಕೆ ಕೊನೆಯಲ್ಲಿ ಹಚ್ಚುತ್ತಾರೆ. ಹಳೇ ಡೈ ಇರುವ ನನ್ನ ತಲೆಗೆ ಇದೆಲ್ಲ ಮಾಡಿದರೂ ಮೂರು ಬಣ್ಣ ಗ್ಯಾರಂಟಿ.

ಓಂಬ್ರೆಯಲ್ಲಿ ಮೇಲೆ ಗಾಢ, ಕೆಳಗೆ ತಿಳಿ. ನನ್ನ ಕಷ್ಟವಿರುವುದು ಮೇಲೆ, ಹಾಳಾದ ಕೂದಲಿರುವುದು ಕೆಳಗೆ. ಆ ಮಾತು ಅಲ್ಲಿಗೇ ಬಿಟ್ಟೆವು.

ಬಾಲಯಾಜ್ ಮೇಲೆ ತುಂಬಾ ಮನಸ್ಸಿತ್ತು. ಹದಿನೇಳರಲ್ಲಿ ಹನ್ನೆರಡು ಫೋಟೋ ಅದರದ್ದೇ. ಗುಡಿಸುವುದು ಅನ್ನುವ ಅರ್ಥದ ಫ್ರೆಂಚ್ ಪದ ಅದು. ಕುಂಚದಲ್ಲಿ ಕೂದಲಿನ ಮೇಲ್ಮೈಗೆ ಬಿಡಿಗೈಯಲ್ಲಿ ಬಳಿಯುತ್ತಾರೆ, ಬುಡದ ಹತ್ತಿರ ಬರುವಷ್ಟರಲ್ಲಿ ತೆಳುವಾಗುತ್ತದೆ, ಆದ್ದರಿಂದ ಬೆಳೆದರೂ ಗೆರೆ ಕಾಣುವುದಿಲ್ಲ. ಸಮಸ್ಯೆ ಏನೆಂದರೆ ತೆರೆದ ಗಾಳಿಯಲ್ಲಿ ಪೇಸ್ಟು ಬೇಗ ಒಣಗುತ್ತದೆ, ಒಣಗಿದರೆ ಕೆಲಸ ನಿಲ್ಲಿಸುತ್ತದೆ. ಸ್ವಲ್ಪ ತಿಳಿ ಕೂದಲಿನವರಿಗೆ ಅಷ್ಟು ಸಾಕು. ನನ್ನಂಥ ಕಡುಕಪ್ಪಿಗೆ, ಅದರ ಮೇಲೆ ಡೈ ಕೂತ ಕೂದಲಿಗೆ, ಅದು ಕಿತ್ತಳೆಯವರೆಗೂ ತಲುಪದೆ ಸುಸ್ತಾಗುತ್ತದೆ. ಫಾಯಿಲ್ ಒಳಗೆ ಮಡಿಸಿದರೆ ತೇವ ಮತ್ತು ಶಾಖ ಉಳಿದು ಬಣ್ಣವನ್ನು ಹೆಚ್ಚು ತೆಗೆಯುತ್ತದೆ.

ಕೊನೆಗೆ ಆಯ್ಕೆಯಾದದ್ದು ಫಾಯಿಲ್ ಹೈಲೈಟ್ಸ್, ಅಂದರೆ ಬಿಡಿ ಎಳೆಗಳನ್ನು ಮಾತ್ರ ಫಾಯಿಲಿನಲ್ಲಿ ಮಡಿಸಿ ತಿಳಿ ಮಾಡುವುದು, ಆದರೆ ತುಂಬ ಸಣ್ಣ ಎಳೆ, ಬೇಬಿಲೈಟ್ಸ್ ಅನ್ನುವಷ್ಟು, ಅದೂ ಬಿಳಿಗೂದಲು ಹೆಚ್ಚಿರುವ ಬೈತಲೆ, ಕಣತಲೆ ಮತ್ತು ಹಣೆಯ ಅಂಚಿನಲ್ಲಿ ಮಾತ್ರ. ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸುವುದು. ಬಿಳಿಗೂದಲಿನಲ್ಲಿ ತೆಗೆಯಲು ಬಣ್ಣವೇ ಇಲ್ಲ, ಅದನ್ನು ಮುಟ್ಟಬೇಕಾಗಿಲ್ಲ. ಅದರ ಪಕ್ಕದ ಕಪ್ಪೆಳೆಗಳಲ್ಲಿ ಕೆಲವನ್ನು ತಿಳಿ ಮಾಡಿದರೆ ಕಪ್ಪು, ಕಂದು, ಬಿಳಿ ಹೆಣೆದುಕೊಂಡು ಎಲ್ಲೂ ಗೆರೆ ನಿಲ್ಲುವುದಿಲ್ಲ. ಕೇಳಿದ ಕೂಡಲೇ ಮನಸ್ಸಿಗೆ ಹಿಡಿಸಿತು. ಷರತ್ತು ಎರಡು: ತುದಿಯ ಹತ್ತು ಸೆಂಟಿಮೀಟರ್ ಕತ್ತರಿಸಬೇಕು, ಮೂರು ತಿಂಗಳು ಡೈ ಮುಟ್ಟಬಾರದು, ಬುಡದಲ್ಲಿ ಅಷ್ಟಾದರೂ ಶುದ್ಧ ಕೂದಲು ಸಿಗಲಿ ಎಂದು.

ಆ ಮೂರು ತಿಂಗಳಿನಷ್ಟು ಕಷ್ಟ ಬ್ಲೀಚಿನ ದಿನವೂ ಆಗಲಿಲ್ಲ. ಮೂರೂವರೆ ಸೆಂಟಿಮೀಟರ್ ಬಿಳಿ-ಕಪ್ಪು ಬುಡ, ಕೆಳಗೆ ಮಸಿಯಂತಹ ಕಪ್ಪು. ಮದುವೆ ಮನೆಗೆ ಹೋಗುವುದು ತಪ್ಪಿಸಿದೆ, ಬೈತಲೆ ಅಡ್ಡಾದಿಡ್ಡಿ ತೆಗೆದೆ, ಅಗಲದ ಹೇರ್‌ಬ್ಯಾಂಡ್ ಹಾಕಿದೆ. "ಹುಷಾರಿಲ್ವಾ?" ಅಂತ ಕೇಳಿದವರ ಲೆಕ್ಕ ಇಟ್ಟಿಲ್ಲ.

ನಡುವೆ ಒಂದು ಪೆದ್ದುತನ ಮಾಡಿದೆ. ಕಾಯಲಾರದೆ ಮನೆಯಲ್ಲೇ ಕಲರ್ ರಿಮೂವರ್ ತಂದು ಹಚ್ಚಿದೆ. ಇದು ಬ್ಲೀಚ್ ಅಲ್ಲ. ಗಂಧಕದ ಸಂಯುಕ್ತಗಳಿಂದ ಡೈಯ ಅಣುಗಳನ್ನು ಕುಗ್ಗಿಸಿ ತೊಳೆದು ಹೋಗುವಂತೆ ಮಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸ್ನಾನದ ಮನೆಯಲ್ಲಿ ಎರಡು ದಿನ ನಿಂತಿತ್ತು. ತೊಳೆದಾಗ ಕೂದಲು ಚಂದದ ಕೆಂಗಂದು. ಕುಣಿಯುವುದೊಂದು ಬಾಕಿ. ಮೂರನೆಯ ದಿನ ಎದ್ದು ನೋಡಿದರೆ ಮತ್ತೆ ಕಪ್ಪು! ಸೂಚನೆಯಲ್ಲಿ ಹೇಳಿದಷ್ಟು ಹೊತ್ತು ನೀರಲ್ಲಿ ತೊಳೆದಿರಲಿಲ್ಲ, ಐದು ನಿಮಿಷಕ್ಕೇ ಸಾಕುಮಾಡಿದ್ದೆ. ಒಳಗೆ ಉಳಿದ ಅಣುಗಳು ಗಾಳಿಯ ಆಮ್ಲಜನಕಕ್ಕೆ ಮತ್ತೆ ಹಿಗ್ಗಿ ಕೂತವು. ನೀವು ಹಚ್ಚುವುದಾದರೆ ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ನಿಲ್ಲುವ ತಾಳ್ಮೆ ಇದೆಯೇ ಅಂತ ಮೊದಲು ಕೇಳಿಕೊಳ್ಳಿ. ಮೆಹಂದಿಯ ಬಣ್ಣ ಇದಕ್ಕೆ ಬಗ್ಗುವುದಿಲ್ಲ, ಅದು ಕೂದಲಿನ ಕೆರಾಟಿನ್‌ಗೇ ಅಂಟಿಕೊಂಡಿರುತ್ತದೆ.

ನಿಂಬೆರಸ ಹಚ್ಚಿ ಬಿಸಿಲಲ್ಲಿ ಕೂರು ಎಂದವರೂ ಇದ್ದರು. ಕೂರಲಿಲ್ಲ.

ದಿನ ಬಂತು. 48 ಗಂಟೆ ಮೊದಲು ಕಿವಿಯ ಹಿಂದೆ ಅಲರ್ಜಿ ನೋಡುವ ಪ್ಯಾಚ್ ಟೆಸ್ಟ್ ಆಗಿತ್ತು, ತುರಿಕೆ ಕೆಂಪು ಏನಿಲ್ಲ. ಎರಡು ದಿನ ತಲೆ ತೊಳೆಯದೆ ಬನ್ನಿ ಎಂದಿದ್ದರು, ನೆತ್ತಿಯ ಜಿಡ್ಡು ಉರಿಯನ್ನು ಒಂದಿಷ್ಟು ತಡೆಯುತ್ತದಂತೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಂಡರು. ಓದದೆ ಸಹಿ ಹಾಕಬೇಡಿ. ನನ್ನದರಲ್ಲಿ "ಒಂದೇ ಸಲಕ್ಕೆ ಬಯಸಿದ ಬಣ್ಣ ಬರುವ ಭರವಸೆ ಇಲ್ಲ" ಎಂಬ ಸಾಲು ಮೂರನೆಯ ಪ್ಯಾರಾದಲ್ಲಿತ್ತು, ಸಂಜೆ ಅದೇ ಸಾಲು ನನ್ನನ್ನು ಅಣಕಿಸಿತು.

ಬೆಳಿಗ್ಗೆ ಹತ್ತೂವರೆಗೆ ಕೂತೆ. ಬಾಚಣಿಗೆಯ ಚೂಪು ಬಾಲದಿಂದ ನೂಲೆಳೆದ ಹಾಗೆ ಎಳೆಗಳನ್ನು ಹೆಕ್ಕಿ, ಕೆಳಗೆ ಫಾಯಿಲ್ ಇಟ್ಟು, ಕುಂಚದಲ್ಲಿ ನೀಲಿಬಿಳಿ ಪೇಸ್ಟು ಬಳಿದು, ಎರಡು ಮಡಿಕೆ. ಮುಂದಿನ ಎಳೆ. ಮತ್ತೆ ಮಡಿಕೆ. ಎಪ್ಪತ್ತೆರಡು ಫಾಯಿಲ್, ಎಣಿಸಿದ್ದೆ, ಬೇರೆ ಕೆಲಸವೇನಿತ್ತು. ನನಗೆ 20 ವಾಲ್ಯೂಮ್ ಮಾತ್ರ. 40 ಹಾಕಿದರೆ ಬೇಗ ಆಗುವುದಿಲ್ಲವೇ ಅಂದದ್ದಕ್ಕೆ, "ಬೇಗ ಆಗುತ್ತೆ ಮೇಡಂ, ಆಮೇಲೆ ಬಾಚೋಕೆ ಏನೂ ಇರಲ್ಲ" ಎಂಬ ಉತ್ತರ ಬಂತು. ಬಂಧ ಉಳಿಸುವ ದ್ರವವೊಂದನ್ನೂ ಬಟ್ಟಲಿಗೆ ಬೆರೆಸಿದಳು. ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬಂಧಗಳು ಬ್ಲೀಚಿಗೆ ಮುರಿಯುತ್ತವೆ, ಅದನ್ನು ಕಡಿಮೆ ಮಾಡಲು. ಹಾನಿ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಇದನ್ನು ಹಾಕಿದ್ದೇವೆ ಏನೂ ಆಗಲ್ಲ ಅನ್ನುವವರ ಮಾತು ನಂಬಬೇಡಿ.

ಕಣ್ಣಿಗೆ ಚುರುಗುಟ್ಟುವ ವಾಸನೆ. ಫಾಯಿಲ್ ಒಳಗೆ ಬೆಚ್ಚಗೆ ಸಣ್ಣ ಜುಮುಜುಮು. ಜುಮುಜುಮು ಸಹಜ, ಉರಿ ಅಲ್ಲ. ಉರಿದರೆ ಮುಲಾಜಿಲ್ಲದೆ ಹೇಳಿ. ಐದ್ಹತ್ತು ನಿಮಿಷಕ್ಕೊಮ್ಮೆ ಒಂದೊಂದು ಫಾಯಿಲ್ ಬಿಡಿಸಿ, ಪೇಸ್ಟನ್ನು ಉಗುರಿನಿಂದ ಒರೆಸಿ ನೋಡುತ್ತಿದ್ದಳು. ಬುಡದ ಕಡೆ ಹಳದಿ ಬಂದರೂ ನಡುವಿನ ಡೈ ಮೊಂಡು ಹಿಡಿದಿತ್ತು. ಐವತ್ತು ನಿಮಿಷಕ್ಕೆ, "ಇನ್ನು ಬೇಡ, ತೊಳೆದುಬಿಡೋಣ" ಅಂದಳು.

ತೊಳೆದ ಮೇಲೆ ಕನ್ನಡಿ ನೋಡಿದೆ. ಕಿತ್ತಳೆ. ಸಣ್ಣ ಸಣ್ಣ ಕಿತ್ತಳೆ ಗೆರೆಗಳು, ನಡುನಡುವೆ ಕಪ್ಪು. ಹುಲಿ! ಗಂಟಲು ಕಟ್ಟಿತು. ಇಷ್ಟಕ್ಕಾಗಿ ಮೂರು ತಿಂಗಳು ಮುಖ ಮರೆಸಿಕೊಂಡು ತಿರುಗಿದೆನೇ? ಅವಳಿಗೆ ಇದು ಹೊಸದಲ್ಲ; ಒಂದು ಲೋಟ ನೀರು ಕೊಟ್ಟು ಟೋನರ್ ಕಲಸತೊಡಗಿದಳು.

ಇದು ನನಗೆ ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ: ಕಪ್ಪು ಕೂದಲು ತಿಳಿಯಾಗುವಾಗ ಕೆಂಪು, ಕಿತ್ತಳೆ, ಹಳದಿ, ಕೊನೆಗೆ ನಸುಹಳದಿ ಹೀಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಕಪ್ಪಿನಿಂದ ನೇರ ಬೂದುಗಂದಿಗೆ ಜಿಗಿತವಿಲ್ಲ. ನಿಂತ ಮೆಟ್ಟಿಲಿನ ಬೆಚ್ಚನೆ ಬಣ್ಣವನ್ನು ಅದರ ಎದುರು ಬಣ್ಣದಿಂದ ತಣಿಸುವುದು ಟೋನರಿನ ಕೆಲಸ. ಕಿತ್ತಳೆಗೆ ನೀಲಿ, ಹಳದಿಗೆ ನೇರಳೆ, ಕೆಂಪಿಗೆ ಹಸಿರು. ಇಪ್ಪತ್ತು ನಿಮಿಷದ ನಂತರ ಹುಲಿ ಹೋಗಿ ಒಂದು ಥರ ಒಣ ಎಲೆಯ ಕಂದು ಬಂದಿತ್ತು. ಪರವಾಗಿಲ್ಲ ಅನ್ನಿಸಿತು. ಬೈತಲೆಯ ಗೆರೆ ಅರ್ಧ ಮರೆಯಾಗಿತ್ತು. ಕುರ್ಚಿಯಿಂದ ಏಳುವಾಗ ಸಂಜೆ ಐದೂವರೆ.

ಬಿಲ್ಲು ಮೊದಲು ಹೇಳಿದ್ದರ ಒಂದೂವರೆ ಪಟ್ಟು. ಮೋಸವೇನಲ್ಲ, ನಾನು ಕೇಳಿರಲಿಲ್ಲ. ಮೊದಲು ಹೇಳಿದ್ದು ಹೈಲೈಟ್ಸಿಗೆ ಮಾತ್ರ. ಟೋನರ್ ಬೇರೆ, ಬಂಧದ ದ್ರವ ಬೇರೆ, ಕಟ್ ಬೇರೆ, ಉದ್ದ ಕೂದಲಿಗೆ ಎರಡನೆಯ ಬಟ್ಟಲು ಪೇಸ್ಟು ಕಲಸಿದ್ದು ಬೇರೆ. ಹೋಗುವ ಮೊದಲೇ "ಎಲ್ಲ ಸೇರಿ, ಟೋನರ್ ಸೇರಿ ಎಷ್ಟು? ಎಷ್ಟು ಸಿಟಿಂಗ್?" ಎಂದು ಕೇಳಿ ಬರೆಸಿಕೊಳ್ಳಿ. ಹಾಗೆಯೇ ಎಷ್ಟು ವಾಲ್ಯೂಮ್, ಎಷ್ಟು ನಿಮಿಷ, ಯಾವ ಟೋನರ್ ನಂಬರ್ ಎಂಬ ಚೀಟಿಯ ಫೋಟೋ ತೆಗೆದುಕೊಳ್ಳಿ. ನಾಳೆ ಆ ಹುಡುಗಿ ಕೆಲಸ ಬಿಟ್ಟರೆ ನಿಮ್ಮ ತಲೆಯ ಚರಿತ್ರೆ ನಿಮ್ಮ ಹತ್ತಿರವೇ ಇರುತ್ತದೆ.

ಎರಡನೆಯ ಸಿಟಿಂಗಿಗೆ ಹತ್ತು ವಾರ ಬಿಡಬೇಕಾಯಿತು. ಐದನೆಯ ವಾರಕ್ಕೆ ಟೋನರ್ ತೊಳೆದುಹೋಗಿ ಕಿತ್ತಳೆ ಇಣುಕತೊಡಗಿತು. ಎಲ್ಲರೂ ಹೇಳುವ ನೇರಳೆ ಶಾಂಪೂ ತಂದೆ. ಕಿತ್ತಳೆ ಅಲುಗಲಿಲ್ಲ, ಆದರೆ ಕಣತಲೆಯ ಬಿಳಿಗೂದಲಿಗೆ ತಿಳಿನೇರಳೆ ಹಿಡಿಯಿತು! ಎರಡು ಸಲ ತೊಳೆದ ಮೇಲೆ ಹೋಯಿತು. ನೇರಳೆ ಇರುವುದು ಹಳದಿಗೆ ಎಂದು ಅಷ್ಟು ಹೊತ್ತು ಪಾಠ ಕೇಳಿಯೂ ಅಂಗಡಿಯಲ್ಲಿ ಮರೆತಿದ್ದೆ. ಆಮೇಲೆ ನೀಲಿಯದು ತಂದು ವಾರಕ್ಕೊಮ್ಮೆ ಹಚ್ಚಿದೆ. ಹಣೆಯ ಅಂಚಿನಲ್ಲಿ ಒಂದಿಷ್ಟು ಕೂದಲು ಎರಡು ಬೆರಳುದ್ದಕ್ಕೆ ತುಂಡಾಗಿ ನಿಂತವು. ಸ್ಟ್ರೇಟ್ನರ್ ಅಲ್ಲಿಗೇ ಕಪಾಟು ಸೇರಿತು.

ಎರಡನೆಯ ಸಿಟಿಂಗ್ ನಾಲ್ಕು ಗಂಟೆಯಲ್ಲಿ ಮುಗಿಯಿತು, ಮೂವತ್ತೆಂಟು ಫಾಯಿಲ್. ಹಿಂದೆ ಬ್ಲೀಚ್ ಆದ ಎಳೆಗೆ ಮತ್ತೆ ತಾಗದಂತೆ, ಡೈ ಉಳಿದ ಭಾಗಕ್ಕೆ ಮತ್ತು ಹೊಸ ಬುಡಕ್ಕೆ ಮಾತ್ರ. ಈ ಸಲ ತೊಳೆದಾಗ ಹಳದಿ. ಅಳು ಬರಲಿಲ್ಲ.

ಅದಾಗಿ ಎರಡು ತಿಂಗಳು. ಬುಡ ಎರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಿದೆ. ಕಳೆದ ವಾರ ಟೋನರ್ ಹೊಸದಾಗಿ ಹಾಕಿಸಿಕೊಂಡು ಬಂದೆ, ಮುಂದಿನ ಫಾಯಿಲ್ ಇನ್ನು ಮೂರ್ನಾಲ್ಕು ತಿಂಗಳಿಗೆ, ಅದೂ ಬೈತಲೆಗೆ ಹತ್ತಿಪ್ಪತ್ತು. ತುದಿಗಳು ಒಣಹುಲ್ಲಿನಂತಿವೆ, ಸುಳ್ಳು ಹೇಳುವುದಿಲ್ಲ. ಎಣ್ಣೆ, ಕಂಡೀಷನರ್ ಎಲ್ಲ ಸೇರಿ ಹಿಂದಿಗಿಂತ ಎರಡು ಪಟ್ಟು ಆರೈಕೆ ಬೇಡುತ್ತದೆ. ಆದರೆ ಮೊನ್ನೆ ಕೈಗನ್ನಡಿ ಹಿಡಿದು, ದೀಪದ ಕೆಳಗೆ ನಿಂತು ಆ ಗೆರೆಯನ್ನು ಹುಡುಕಿದೆ. ಬಿಳಿ ಇತ್ತು, ಬೇಕಾದಷ್ಟಿತ್ತು. ಗೆರೆ ಸಿಗಲಿಲ್ಲ.

ಅಕ್ಕ ಬಂದಿದ್ದಳು. ಕಪಾಟಿನಲ್ಲಿ ಉಳಿದಿದ್ದ ಕಪ್ಪು ಡೈಯ ಪೊಟ್ಟಣ ಕಂಡು, "ನಿನಗೆ ಹೇಗೂ ಬೇಡ, ನಾನು ಒಯ್ಯಲಾ?" ಅಂದಳು. ಕೊಟ್ಟೆ. ಮೊದಲು ಕಿವಿಯ ಹಿಂದೆ ಹಚ್ಚಿ ಎರಡು ದಿನ ನೋಡು, ಪ್ರತಿ ಸಲ ತುದಿಯವರೆಗೆ ಎಳೆಯಬೇಡ, ಬುಡಕ್ಕೆ ಮಾತ್ರ, ಹಚ್ಚಿದ ತಾರೀಖು ಎಲ್ಲಾದರೂ ಬರೆದಿಡು ಎಂದೆ. "ತಲೆಗೆ ಬಣ್ಣ ಹಚ್ಚೋದಕ್ಕೂ ಡೈರಿ ಬರೀಬೇಕೇನೇ?" ಎಂದು ನಗುತ್ತಾ ಹೋದಳು.